ದೆಹಲಿಯ ಚಳಿಯಲ್ಲಿ ದ್ವಿಚಕ್ರ ಸವಾರಿ: ಮೈ ಬೆಚ್ಚಗಿಡುವ ಬಗೆ

ದೀಪಾವಳಿಯ ಹಣತೆಗಳನ್ನು ಎತ್ತಿಟ್ಟು ಎರಡು ಮೂರು ವಾರ ಕಳೆಯುವಷ್ಟರಲ್ಲಿ ದೆಹಲಿಯ ಕನ್ನಡಿಗರ ಮನೆಗಳಲ್ಲಿ ಟ್ರಂಕುಗಳ ಮುಚ್ಚಳ ತೆರೆಯುತ್ತದೆ. ನುಸಿಗುಳಿಗೆಯ ವಾಸನೆ ಹೊತ್ತ ಸ್ವೆಟರು, ಶಾಲು, ರಜಾಯಿಗಳು ಬಿಸಿಲು ಕಾಯಲು ಬಾಲ್ಕನಿಗೆ ಬರುತ್ತವೆ. ಊರಿನಿಂದ ಹೊಸದಾಗಿ ವರ್ಗವಾಗಿ ಬಂದವರಿಗೆ ಇಲ್ಲಿನ ಹಿರಿಯರು ಹೇಳುವ ಮಾತು ಒಂದೇ: ‘ಬೆಂಗಳೂರಿನ ಸ್ವೆಟರ್ ಇಲ್ಲಿಗೆ ಸಾಲದು.’ ಇದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್; ಅದೂ 1884ರ ಜನವರಿ 13ರಂದು. ದೆಹಲಿಯ ಜನವರಿಯಲ್ಲಿ ಅದು ತೀರ ಸಾಧಾರಣ ಮುಂಜಾವು. ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 2021ರ ಜನವರಿ 1ರಂದು 1.1 ಡಿಗ್ರಿ, 2023ರ ಜನವರಿ 16ರಂದು 1.4 ಡಿಗ್ರಿ ದಾಖಲಾಯಿತು. 2019ರ ಡಿಸೆಂಬರ್ 30ರಂದು ನಡುಹಗಲಿನಲ್ಲಿಯೂ ಉಷ್ಣಾಂಶ 9.4 ಡಿಗ್ರಿಯನ್ನು ದಾಟಲಿಲ್ಲ.

ಇಂತಹ ದಿನಗಳಲ್ಲಿಯೂ ನಮ್ಮ ಬಹುತೇಕ ಮನೆಗಳ ಮೋಟಾರ್ ಸೈಕಲ್ಲು, ಸ್ಕೂಟರುಗಳು ಸುಮ್ಮನೆ ನಿಲ್ಲುವುದಿಲ್ಲ. ಮಕ್ಕಳನ್ನು ಶಾಲೆಯ ಬಸ್ಸಿಗೆ ಮುಟ್ಟಿಸಬೇಕು, ಮೆಟ್ರೊ ನಿಲ್ದಾಣ ತಲುಪಬೇಕು, ಸಂಜೆ ಸಂಘದ ನಾಟಕದ ತಾಲೀಮು ಮುಗಿಸಿ ಮಯೂರ ವಿಹಾರಕ್ಕೋ ದ್ವಾರಕೆಗೋ ನೋಯ್ಡಾಕ್ಕೋ ರಾತ್ರಿ ಮರಳಬೇಕು. ಕಾರಿದ್ದವರಿಗೂ ಹಲವು ಕೆಲಸಗಳಿಗೆ ಎರಡು ಚಕ್ರದ ವಾಹನವೇ ಅನುಕೂಲ.

ದೆಹಲಿಗೆ ಬಂದ ಮೊದಲ ವರ್ಷದ ಜನವರಿಯಲ್ಲಿ ನಾವು ಕಲಿತ ಪಾಠವೊಂದನ್ನು ಇಲ್ಲಿ ಹೇಳಬೇಕು. ಸ್ನೇಹಿತರ ಮನೆಯ ನಾಮಕರಣದ ಊಟ ಮುಗಿಸಿ ರಾತ್ರಿ ಹತ್ತರ ಹೊತ್ತಿಗೆ ಮೋಟಾರ್ ಸೈಕಲ್ಲಿನಲ್ಲಿ ಯಮುನೆಯ ನಿಜಾಮುದ್ದೀನ್ ಸೇತುವೆಯನ್ನು ದಾಟಿದೆವು. ಮೈಮೇಲೆ ಒಳ್ಳೆಯ ಉಣ್ಣೆಯ ಸ್ವೆಟರ್ ಇತ್ತು. ಕೈಗೆ ಏನೂ ಇರಲಿಲ್ಲ. ಮುಂದಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಕಂಡು ಬ್ರೇಕ್ ಹಿಡಿಯಲು ಹೋದರೆ ಬಲಗೈಯ ಬೆರಳುಗಳು ಮಡಚಲೇ ಇಲ್ಲ. ಅವು ನಮ್ಮವೇ ಎಂಬ ಅರಿವೂ ಇರಲಿಲ್ಲ. ಕಾಲಿನ ಬ್ರೇಕನ್ನು ಬಲವಾಗಿ ಒತ್ತಿ, ಮುಂದಿದ್ದ ಕಾರಿಗೆ ಒಂದು ಗೇಣು ಉಳಿದಾಗ ಹೇಗೋ ನಿಂತೆವು. ಚಳಿಯನ್ನು ನಾವು ಅಲ್ಲಿಯವರೆಗೆ ಸಹಿಸಿಕೊಳ್ಳಬೇಕಾದ ಒಂದು ಕಷ್ಟವೆಂದು ಮಾತ್ರ ತಿಳಿದಿದ್ದೆವು. ಅದು ವಾಹನವನ್ನು ನಿಲ್ಲಿಸುವ ಶಕ್ತಿಯನ್ನೇ ಕೈಯಿಂದ ಕಸಿದುಕೊಳ್ಳುತ್ತದೆ ಎಂಬುದು ತಿಳಿದದ್ದು ಆ ರಾತ್ರಿ. ಬೆಚ್ಚಗಿರುವುದು ಸುಖದ ಮಾತಲ್ಲ, ಸುರಕ್ಷತೆಯ ಮಾತು. ಈ ಲೇಖನದ ಉದ್ದೇಶ ಅದನ್ನು ವಿವರಿಸುವುದೇ ಆಗಿದೆ.

ಥರ್ಮಾಮೀಟರ್ ತೋರಿಸದ ಚಳಿ

ನಮ್ಮ ಚರ್ಮಕ್ಕೆ ಅಂಟಿಕೊಂಡಂತೆ ಬೆಚ್ಚನೆಯ ಗಾಳಿಯ ತೆಳುವಾದ ಪದರವೊಂದು ಸದಾ ಇರುತ್ತದೆ. ಅದನ್ನು ಕಾಯಿಸುವುದು ದೇಹದ ಶಾಖವೇ. ಗಾಳಿ ಬೀಸದ ಕಡೆ ನಿಂತರೆ ಈ ಪದರ ಹಾಗೆಯೇ ಉಳಿದು ಹೊದಿಕೆಯಂತೆ ಕಾಪಾಡುತ್ತದೆ. ಗಾಳಿ ಬೀಸಿದರೆ ಅದು ಚದುರಿಹೋಗುತ್ತದೆ, ದೇಹ ಮತ್ತೆ ಹೊಸದಾಗಿ ಗಾಳಿಯನ್ನು ಕಾಯಿಸಬೇಕು, ಅದೂ ಚದುರಿಹೋಗುತ್ತದೆ. ವಾಹನದ ಮೇಲೆ ಕುಳಿತವನಿಗೆ ಹೊರಗೆ ಎಲೆ ಅಲುಗದಿದ್ದರೂ ಬಿರುಗಾಳಿಯೇ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವವನ ಎದೆಗೆ ಅಷ್ಟೇ ವೇಗದ ಗಾಳಿ ಬಡಿಯುತ್ತಿರುತ್ತದೆ.

ಗಾಳಿಯಿಂದ ಚಳಿ ಎಷ್ಟು ಹೆಚ್ಚುತ್ತದೆ ಎಂಬುದನ್ನು ಅಳೆಯಲು ಮೊದಲು ಹೊರಟವರು ಅಂಟಾರ್ಕ್ಟಿಕಾಕ್ಕೆ ಹೋಗಿದ್ದ ಅಮೆರಿಕದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಹೊರಗೆ ತೂಗುಹಾಕಿ, ಬೇರೆ ಬೇರೆ ವೇಗದ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅವರು ನೋಡಿದರು. 1945ರಲ್ಲಿ ಅವರ ಫಲಿತಾಂಶ ಪ್ರಕಟವಾಯಿತು. ಅನಂತರ 2001ರಲ್ಲಿ ಅಮೆರಿಕ ಮತ್ತು ಕೆನಡಾ ಹವಾಮಾನ ಇಲಾಖೆಗಳು ಮನುಷ್ಯರ ಮುಖದ ಮೇಲೆ ಪರೀಕ್ಷಿಸಿದ ಹೊಸ ಸೂತ್ರವನ್ನು ಬಳಕೆಗೆ ತಂದವು. ಆ ಸೂತ್ರದ ಪ್ರಕಾರ, ಉಷ್ಣಾಂಶ 10 ಡಿಗ್ರಿ ಇದ್ದಾಗ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರಿಯ ಮುಖಕ್ಕೆ ತಾಗುವ ಚಳಿ ಸುಮಾರು 5 ಡಿಗ್ರಿಯದು. ಉಷ್ಣಾಂಶ 5 ಡಿಗ್ರಿ ಇದ್ದರೆ ಅದು ಸೊನ್ನೆಗಿಂತ 1 ಡಿಗ್ರಿ ಕೆಳಗಿನ ಚಳಿ. 2 ಡಿಗ್ರಿಯ ಮುಂಜಾವಿನಲ್ಲಿ ಸೊನ್ನೆಗಿಂತ 5 ಡಿಗ್ರಿ ಕೆಳಗಿನದು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಗಾಳಿ ಎಷ್ಟೇ ಬೀಸಿದರೂ ಚರ್ಮದ ಉಷ್ಣತೆ ಹೊರಗಿನ ಉಷ್ಣಾಂಶಕ್ಕಿಂತ ಕೆಳಗಿಳಿಯುವುದಿಲ್ಲ. 5 ಡಿಗ್ರಿಯಲ್ಲಿ ಬೆರಳು ಹಿಮಗಟ್ಟುವುದಿಲ್ಲ. ಆದರೆ ಶಾಖವನ್ನು ಬಹು ಬೇಗ ಕಳೆದುಕೊಳ್ಳುತ್ತದೆ. ಎರಡನೆಯದು, ವೇಗ ತಗ್ಗಿಸಿದ ಮಾತ್ರಕ್ಕೆ ಚಳಿ ಓಡಿಹೋಗುವುದಿಲ್ಲ. ಅದೇ ಸೂತ್ರದಂತೆ 5 ಡಿಗ್ರಿಯ ದಿನ 60ರ ವೇಗದಲ್ಲಿ ಸೊನ್ನೆಗಿಂತ 2 ಡಿಗ್ರಿ ಕೆಳಗಿನ ಚಳಿ ತಾಗಿದರೆ, 30ರ ವೇಗದಲ್ಲಿಯೂ ಸೊನ್ನೆ ಡಿಗ್ರಿಯದು ತಾಗುತ್ತದೆ. ಗಾಳಿ ಮೈಗೆ ತಲುಪದಂತೆ ತಡೆಯುವುದೊಂದೇ ನಿಜವಾದ ಪರಿಹಾರ.

ದೇಹ ಮಾಡುವ ಲೆಕ್ಕಾಚಾರ

ಅದೇ ಚಳಿಯಲ್ಲಿ ಸೈಕಲ್ ತುಳಿಯುವ ಹಾಲಿನ ಹುಡುಗ ಬೆವರುತ್ತಾನೆ, ಮೋಟಾರ್ ಸೈಕಲ್ಲಿನವನು ನಡುಗುತ್ತಾನೆ. ಕಾರಣ ಸರಳ. ಸುಮ್ಮನೆ ಕುಳಿತಿರುವ ವಯಸ್ಕನ ದೇಹ ಉತ್ಪಾದಿಸುವ ಶಾಖ ಸುಮಾರು 100 ವಾಟ್. ಹಳೆಯ ಕಾಲದ ಒಂದು ಬಲ್ಬಿನಷ್ಟು. ಸೈಕಲ್ ತುಳಿಯುವವನ ಸ್ನಾಯುಗಳು ಅದರ ಹಲವು ಪಟ್ಟು ಶಾಖ ಕೊಡುತ್ತವೆ. ಮೋಟಾರ್ ಸೈಕಲ್ ಸವಾರ ಹೆಚ್ಚುಕಡಿಮೆ ಕುರ್ಚಿಯಲ್ಲಿ ಕುಳಿತವನಂತೆಯೇ ಇರುತ್ತಾನೆ, ಗಾಳಿಯನ್ನು ಮಾತ್ರ ಓಡುವವನಿಗಿಂತ ಹೆಚ್ಚು ಎದುರಿಸುತ್ತಾನೆ.

ಶಾಖ ಕಡಿಮೆಯಾಗತೊಡಗಿದಾಗ ದೇಹ ಕುಟುಂಬದ ಹಿರಿಯನಂತೆ ನಡೆದುಕೊಳ್ಳುತ್ತದೆ. ಇರುವುದನ್ನು ಮುಖ್ಯವಾದವರಿಗೆ ಮೊದಲು ಹಂಚುತ್ತದೆ. ಹೃದಯ, ಶ್ವಾಸಕೋಶ, ಮೆದುಳುಗಳ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲಿಯೇ ಇರಬೇಕು. ಆದುದರಿಂದ ಕೈಕಾಲುಗಳ ರಕ್ತನಾಳಗಳನ್ನು ಕಿರಿದುಗೊಳಿಸಿ ಬಿಸಿರಕ್ತವನ್ನು ನಡುಮೈಗೆ ಉಳಿಸಿಕೊಳ್ಳುತ್ತದೆ. ಬೆರಳುಗಳಿಗೆ ಮೊದಲು ನೋವು, ಆಮೇಲೆ ಜೋಮು, ಕೊನೆಗೆ ಮರಗಟ್ಟುವಿಕೆ. ಬೆರಳಿನ ಚರ್ಮದ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದಂತೆ ಅವುಗಳ ಚಳಕ ವೇಗವಾಗಿ ಕುಗ್ಗುತ್ತದೆ.

ಇಲ್ಲಿಯೇ ಅಪಾಯ ಅಡಗಿದೆ. ಮೋಟಾರ್ ಸೈಕಲ್ಲನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಚಕ್ರದ ಬ್ರೇಕಿನದು. ಅದನ್ನು ಹಿಡಿಯುವುದು ಬಲಗೈಯ ಬೆರಳುಗಳು. ಗೇರಿಲ್ಲದ ಸ್ಕೂಟರುಗಳಲ್ಲಿ ಎರಡು ಬ್ರೇಕುಗಳೂ ಕೈಯಲ್ಲಿಯೇ ಇವೆ. 50 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಬೆರಳು ಮಡಚಲು ಒಂದೇ ಒಂದು ಸೆಕೆಂಡ್ ತಡವಾದರೂ ಮೂರು ಕಾರುಗಳ ಉದ್ದದಷ್ಟು ದೂರ ಕೈಮೀರಿ ಹೋಗಿರುತ್ತದೆ. ನಿಜಾಮುದ್ದೀನ್ ಸೇತುವೆಯ ಆಚೆ ನಮಗಾದದ್ದು ಇದೇ.

ಇದರಿಂದ ಹೊಳೆಯುವ ಇನ್ನೊಂದು ಸಂಗತಿಯೂ ಇದೆ. ನಡುಮೈ ತಣ್ಣಗಾದರೆ ಎಂತಹ ದಪ್ಪ ಕೈಗವಸು ತೊಟ್ಟರೂ ಬೆರಳುಗಳಿಗೆ ಬಿಸಿರಕ್ತ ಬರುವುದಿಲ್ಲ. ಕೈ ಬೆಚ್ಚಗಿರಬೇಕಾದರೆ ಎದೆ ಮತ್ತು ಹೊಟ್ಟೆಯನ್ನು ಮೊದಲು ಬೆಚ್ಚಗಿಡಬೇಕು.

ಮೂರು ಪದರಗಳ ಉಡುಪು

ಒಂದೇ ದಪ್ಪ ಬಟ್ಟೆಗಿಂತ ಮೂರು ತೆಳು ಪದರಗಳು ಮೇಲು. ಅವುಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ನಿಜವಾದ ಹೊದಿಕೆ. ಪ್ರತಿಯೊಂದು ಪದರಕ್ಕೂ ಒಂದೊಂದು ಕೆಲಸವಿದೆ.

ಒಳಗಿನ ಪದರದ ಕೆಲಸ ಚರ್ಮವನ್ನು ಒಣಗಿಡುವುದು. ಇಲ್ಲಿನ ಅಂಗಡಿಗಳಲ್ಲಿ ‘ಇನ್ನರ್’, ‘ವಾರ್ಮರ್’ ಎಂದು ಮಾರುವ ಉಡುಪು ಇದೇ. ಹತ್ತಿಯ ಬನಿಯನ್ನು ಬೆವರನ್ನು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ಒದ್ದೆ ಬನಿಯನ್ನಿನ ಮೇಲೆ ಎಷ್ಟು ಹೊದ್ದರೂ ಮೈ ತಣ್ಣಗಾಗುತ್ತದೆ. ಪಾಲಿಯೆಸ್ಟರ್ ಅಥವಾ ಮೃದು ಉಣ್ಣೆಯ ಒಳಉಡುಪು ಮೈಗೆ ಅಂಟಿಕೊಂಡಂತೆ ಇರಬೇಕು, ಆದರೆ ಬಿಗಿಯಬಾರದು.

ನಡುವಿನ ಪದರದ ಕೆಲಸ ಗಾಳಿಯನ್ನು ಹಿಡಿದಿಡುವುದು. ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್ ಜಾಕೆಟ್ ಇದಕ್ಕೆ ತಕ್ಕುದು. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತದೆ.

ಹೊರಗಿನ ಪದರದ ಕೆಲಸ ಗಾಳಿಯನ್ನು ತಡೆಯುವುದು. ಹೊಸಬರು ತಪ್ಪುವುದು ಇಲ್ಲಿಯೇ. ಹೆಣೆದ ಸ್ವೆಟರಿನಲ್ಲಿ ಸಾವಿರಾರು ಕಣ್ಣುಗಳಿರುತ್ತವೆ. ಮನೆಯೊಳಗೆ ಹಿತವಾದ ಆ ಸ್ವೆಟರ್ 50ರ ವೇಗದಲ್ಲಿ ಜರಡಿಯಂತಾಗುತ್ತದೆ. ಅದರ ಮೇಲೆ ಚರ್ಮದ ಜಾಕೆಟ್, ರೆಕ್ಸಿನ್ ಜಾಕೆಟ್ ಅಥವಾ ವಿಂಡ್‌ಚೀಟರ್ ಬೇಕೇ ಬೇಕು. ಅವೊಂದೂ ಇಲ್ಲದಿದ್ದರೆ ಮಳೆಗಾಲದ ರೈನ್‌ಕೋಟನ್ನೇ ಸ್ವೆಟರಿನ ಮೇಲೆ ತೊಟ್ಟು ನೋಡಬಹುದು. ವ್ಯತ್ಯಾಸ ಮೊದಲ ಕಿಲೋಮೀಟರಿನಲ್ಲಿಯೇ ತಿಳಿಯುತ್ತದೆ.

ಈ ವಿವೇಕ ನಮ್ಮ ನಾಡಿಗೆ ಹೊಸದಲ್ಲ. ಚಳ್ಳಕೆರೆಯ ಕಡೆಯ ಕುರುಬರ ಕರಿಕಂಬಳಿಯನ್ನು ನೆನೆಯಿರಿ. ದಖ್ಖನಿ ಕುರಿಯ ಒರಟು ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಬಳಿದು ಗಡುಸಾಗಿಸಿ ಒತ್ತಾಗಿ ನೇಯುತ್ತಾರೆ. ಬಯಲಿನಲ್ಲಿ ಮಂದೆಯೊಡನೆ ರಾತ್ರಿ ಕಳೆಯುವ ಕುರಿಗಾಹಿ ಅದನ್ನು ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟರೆ ಗಾಳಿಯೂ ಒಳನುಗ್ಗದು, ತುಂತುರು ಮಳೆಯೂ ಇಳಿಯದು. ಕಂಬಳಿ ಚುಚ್ಚುತ್ತದೆಂದು ಮೂಗು ಮುರಿದ ನಾವೇ ದೆಹಲಿಗೆ ಬಂದು, ಅದು ಮಾಡುತ್ತಿದ್ದ ಕೆಲಸಕ್ಕಾಗಿ ದುಬಾರಿ ಜಾಕೆಟ್ಟುಗಳನ್ನು ಹುಡುಕುತ್ತೇವೆ. ಮೋಟಾರ್ ಸೈಕಲ್ಲಿನ ಮೇಲೆ ಕಂಬಳಿ ಹೊದೆಯುವುದು ಸಾಧ್ಯವಿಲ್ಲ, ಅದರ ನೀತಿಯನ್ನು ಪಾಲಿಸುವುದು ಸಾಧ್ಯ.

ಉತ್ತರ ಭಾರತದ ಸವಾರರ ಇನ್ನೊಂದು ಹಳೆಯ ಉಪಾಯ ದಿನಪತ್ರಿಕೆಯದು. ನಾಲ್ಕಾರು ಹಾಳೆಗಳನ್ನು ಮಡಚಿ ಎದೆಯ ಮೇಲೆ, ಸ್ವೆಟರ್ ಮತ್ತು ಜಾಕೆಟ್ಟಿನ ನಡುವೆ ಇರಿಸಿದರೆ ಗಾಳಿಗೆ ಗೋಡೆಯಾಗುತ್ತದೆ. ಹಾಳೆಗಳ ನಡುವಣ ಗಾಳಿ ಹೊದಿಕೆಯಾಗುತ್ತದೆ. ಬಡವರ ಉಪಾಯವೆಂದು ನಗುವಂತಿಲ್ಲ. ಜಾಕೆಟ್ ಕೊಳ್ಳುವ ಮೊದಲಿನ ಎರಡು ತಿಂಗಳು ನಮ್ಮನ್ನು ಕಾಪಾಡಿದ್ದು ಅದೇ.

ಕಾಶ್ಮೀರಿ ಗೇಟ್ ಬಸ್ ನಿಲ್ದಾಣದ ಬಳಿಯ ಮೊನಾಸ್ಟರಿ ಮಾರುಕಟ್ಟೆಯಲ್ಲಿ ಟಿಬೆಟಿಯನ್ ವ್ಯಾಪಾರಿಗಳು ಚಳಿಗಾಲದ ಉಡುಪುಗಳನ್ನು ಮಾರುತ್ತಾರೆ. ಸವಾರರಿಗೆಂದೇ ತಯಾರಾದ ಜಾಕೆಟ್, ಕೈಗವಸು ಬೇಕಾದವರು ಕರೋಲ್ ಬಾಗಿನ ಮೋಟಾರ್ ಸೈಕಲ್ ಸಾಮಗ್ರಿಯ ಅಂಗಡಿಗಳನ್ನು ನೋಡಬಹುದು. ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ: ಬಟ್ಟೆಗೆ ಬಾಯಿಟ್ಟು ಬಲವಾಗಿ ಊದಿರಿ. ಉಸಿರು ಆಚೆ ಬದಿಗೆ ಬಂದರೆ ಅದು ಹೊರಪದರಕ್ಕೆ ತಕ್ಕುದಲ್ಲ.

ಕೈ, ಕುತ್ತಿಗೆ, ಮಂಡಿ, ತಲೆ

ಉಡುಪು ಎಷ್ಟೇ ಒಳ್ಳೆಯದಿರಲಿ, ಗಾಳಿ ಸಂದಿ ಹುಡುಕುತ್ತದೆ. ಮಣಿಕಟ್ಟು, ಕೊರಳು, ಸೊಂಟ, ಹಿಮ್ಮಡಿ ಈ ನಾಲ್ಕು ಅದರ ಬಾಗಿಲುಗಳು.

ಕೈಗವಸಿನ ತುದಿ ಜಾಕೆಟ್ಟಿನ ತೋಳಿನ ಮೇಲೆ ಬರುವಷ್ಟು ಉದ್ದವಿರಲಿ. ಒಳಗೆ ತೆಳು ಉಣ್ಣೆಯದು, ಹೊರಗೆ ಗಾಳಿ ತಡೆಯುವುದು ಎಂದು ಜೋಡಿ ತೊಡುವುದು ಉತ್ತಮ. ಆದರೆ ಬೆರಳುಗಳು ಒಳಗೆ ಅಲುಗಾಡುವಷ್ಟು ಸಡಿಲವಿರಬೇಕು; ಬಿಗಿದರೆ ರಕ್ತ ಹರಿಯದೆ ಚಳಿ ಹೆಚ್ಚುತ್ತದೆ. ತುರ್ತಿಗೆ ಎರಡು ಕೈಗವಸುಗಳ ನಡುವೆ ತೆಳು ಪ್ಲಾಸ್ಟಿಕ್ ಚೀಲ ತೊಡಬಹುದು. ಹೊರಗೆ ಮಾತ್ರ ತೊಡಬಾರದು, ಹಿಡಿ ಜಾರುತ್ತದೆ. ಹ್ಯಾಂಡಲ್ಲಿಗೆ ಕಟ್ಟುವ ಕವರುಗಳು ಗಾಳಿಯನ್ನು ಚೆನ್ನಾಗಿ ತಡೆಯುತ್ತವೆ. ಕಟ್ಟಿಸಿದ ಮೇಲೆ ನಿಂತ ವಾಹನದಲ್ಲಿ ಕೈಯನ್ನು ಹತ್ತು ಬಾರಿ ಒಳಗೆ ಹೊರಗೆ ಮಾಡಿ ರೂಢಿಸಿಕೊಳ್ಳಬೇಕು. ಓಡುವಾಗ ಕವರು ಬ್ರೇಕಿನ ಲಿವರನ್ನು ಒತ್ತದಂತೆ ನೋಡಿಕೊಳ್ಳಬೇಕು. ಹಿಡಿಗಳನ್ನೇ ಬಿಸಿಮಾಡುವ ವಿದ್ಯುತ್ ಸಾಧನಗಳೂ ದೊರೆಯುತ್ತವೆ. ಸಣ್ಣ ವಾಹನಗಳ ಬ್ಯಾಟರಿಗೆ ಅದು ಭಾರವಾಗಬಹುದು, ಮೆಕ್ಯಾನಿಕ್ಕನ್ನು ಕೇಳದೆ ಹಾಕಿಸಬಾರದು.

ಮಫ್ಲರನ್ನು ಕುತ್ತಿಗೆಗೆ ಸುತ್ತಿ ಎರಡೂ ತುದಿಗಳನ್ನು ಜಾಕೆಟ್ಟಿನೊಳಗೆ ಸೇರಿಸಿ ಜಿಪ್ಪು ಎಳೆಯಬೇಕು. ಹಾರಾಡುವ ತುದಿ ಚಕ್ರಕ್ಕೆ ಸಿಕ್ಕಿದರೆ ಕೊರಳಿಗೇ ಉರುಳು. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿದರೆ ಸೊಂಟದ ಸಂದಿ ಮುಚ್ಚುತ್ತದೆ.

ಮಂಡಿಗಳು ಗಾಳಿಗೆ ನೇರವಾಗಿ ಎದುರಾಗುತ್ತವೆ, ಆದರೆ ಅವುಗಳ ನೆನಪು ನಮಗೆ ಬರುವುದು ಇಳಿದು ನಡೆಯಲಾಗದಿದ್ದಾಗ. ಜೀನ್ಸ್ ಹತ್ತಿಯದು, ಗಾಳಿಯನ್ನೂ ಬಿಡುತ್ತದೆ, ಇಬ್ಬನಿಯನ್ನೂ ಹೀರುತ್ತದೆ. ಒಳಗೆ ಇನ್ನರ್, ಮೇಲೆ ರೈನ್‌ಕೋಟಿನ ಪ್ಯಾಂಟ್ ತೊಟ್ಟರೆ ಕೊರತೆ ನೀಗುತ್ತದೆ. ಸ್ಕೂಟರಿನ ಮುಂದಿನ ತಗಡು ಕಾಲುಗಳಿಗೆ ಮರೆಯಾಗುವುದರಿಂದ ಈ ವಿಷಯದಲ್ಲಿ ಸ್ಕೂಟರಿನವರು ಭಾಗ್ಯವಂತರು. ಕಾಲಿಗೆ ಒಂದೇ ಜೊತೆ ಉಣ್ಣೆಯ ಕಾಲುಚೀಲ, ಬೆರಳು ಅಲುಗಾಡುವಂತಹ ಶೂ ಸಾಕು. ಬಿಗಿ ಶೂವಿನೊಳಗೆ ಎರಡು ಜೊತೆ ತುರುಕಿದರೆ ಫಲ ವಿರುದ್ಧವಾಗುತ್ತದೆ.

ಇನ್ನು ತಲೆ. ದಪ್ಪ ಮಂಕಿಕ್ಯಾಪಿನ ಮೇಲೆ ಹೆಲ್ಮೆಟ್ ಧರಿಸಿದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಅಪಘಾತದಲ್ಲಿ ಜಾರಬಹುದು. ಕಣ್ಣು ಮಾತ್ರ ಬಿಡುವ ತೆಳು ಮುಸುಕು ತೊಟ್ಟು, ಐಎಸ್‌ಐ ಗುರುತಿನ ಪೂರ್ಣಮುಖದ ಹೆಲ್ಮೆಟ್ ಧರಿಸಿ ಪಟ್ಟಿ ಬಿಗಿಯಬೇಕು. ಉಸಿರಿನಿಂದ ಗಾಜು ಮಸುಕಾಗದಿರಲು ಒಳಮೈಗೆ ಸಾಬೂನನ್ನು ತೆಳುವಾಗಿ ಸವರಿ ಒಣಬಟ್ಟೆಯಿಂದ ಉಜ್ಜಬಹುದು, ಗಾಜನ್ನು ಕೂದಲೆಳೆಯಷ್ಟು ತೆರೆದಿಡಬಹುದು.

ಹಿಂದೆ ಕುಳಿತವರ ಚಳಿ

ಆ ಜನವರಿಯ ರಾತ್ರಿಯ ಕಥೆಯಲ್ಲಿ ನಾವು ಇನ್ನೂ ಹೇಳದ ಭಾಗವೊಂದಿದೆ. ವಾಹನದ ಮೇಲೆ ನಾವು ದಂಪತಿ ಮಾತ್ರ ಇರಲಿಲ್ಲ. ನಾಲ್ಕು ವರ್ಷದ ಮಗಳು ಮುಂದೆ ಟ್ಯಾಂಕಿನ ಮೇಲೆ ಕುಳಿತಿದ್ದಳು. ಸೇತುವೆಯ ಮೇಲೆ ಹಾಡು ಹೇಳುತ್ತಿದ್ದವಳು ಆಮೇಲೆ ಸುಮ್ಮನಾದಳು. ನಿದ್ದೆ ಬಂತೆಂದುಕೊಂಡೆವು. ಮನೆಯ ಮುಂದೆ ಇಳಿಸಿಕೊಂಡಾಗ ಅವಳ ತುಟಿಗಳು ನೀಲಿಯಾಗಿದ್ದವು. ಕೇಳಿದ ಪ್ರಶ್ನೆಗೆ ಉತ್ತರಿಸಲು ನಾಲಿಗೆ ಹೊರಳಲಿಲ್ಲ. ರಜಾಯಿಯೊಳಗೆ ತಾಯಿಯ ಎದೆಗವಚಿ ಮಲಗಿ, ಬಿಸಿ ಹಾಲು ಕುಡಿದು, ಅವಳು ಮತ್ತೆ ಮಾತನಾಡಿದ್ದು ಅರ್ಧ ಗಂಟೆಯ ಮೇಲೆ. ಅಷ್ಟು ಹೊತ್ತೂ ಗಾಳಿಗೆ ತಡೆಯಾಗಿ ನಮ್ಮ ಎದೆಯನ್ನು ಕಾಪಾಡಿದ್ದವಳು ಆ ಮಗುವೇ ಎಂಬುದು ಆಮೇಲೆ ಹೊಳೆಯಿತು.

ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಮೈಚರ್ಮದ ಹರವು ದೊಡ್ಡವರದಕ್ಕಿಂತ ಹೆಚ್ಚು. ಆದುದರಿಂದ ಅದು ಬೇಗ ಶಾಖ ಕಳೆದುಕೊಳ್ಳುತ್ತದೆ. ತನಗೇನಾಗುತ್ತಿದೆಯೆಂದು ಹೇಳಲೂ ಅದಕ್ಕೆ ತಿಳಿಯದು. ಮಗುವನ್ನು ಮುಂದೆ ಕೂರಿಸಲೇಬಾರದು. ಕಾನೂನಿನಂತೆ ಸವಾರನ ಜೊತೆಗೆ ಒಬ್ಬರಿಗೆ ಮಾತ್ರ ಅವಕಾಶ. 2022ರ ಫೆಬ್ರುವರಿಯಲ್ಲಿ ಪ್ರಕಟವಾಗಿ ಒಂದು ವರ್ಷದ ಅನಂತರ ಜಾರಿಗೆ ಬಂದ ನಿಯಮದ ಪ್ರಕಾರ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಮತ್ತು ಸವಾರನ ಮೈಗೆ ಜೋಡಿಸುವ ರಕ್ಷಣಾ ಪಟ್ಟಿ ಕಡ್ಡಾಯ. ವೇಗ ಗಂಟೆಗೆ 40 ಕಿಲೋಮೀಟರನ್ನು ಮೀರುವಂತಿಲ್ಲ. ಚಳಿಯಲ್ಲಿ ಮಗುವಿಗೂ ಗಾಳಿ ತಡೆಯುವ ಹೊರಪದರ ಬೇಕು. ಐದು ನಿಮಿಷಕ್ಕೊಮ್ಮೆ ಏನಾದರೂ ಕೇಳಿ ಉತ್ತರ ಪಡೆಯಬೇಕು. ಉತ್ತರ ಬಾರದಿದ್ದರೆ ವಾಹನ ನಿಲ್ಲಿಸಬೇಕು.

ಹಿಂಬದಿಯಲ್ಲಿ ಸೀರೆಯುಟ್ಟು ಕುಳಿತವರಿಗೆ ಕಾಲಿನ ಚಳಿ ಬಹಳ. ಸೀರೆಯೊಳಗೆ ಉಣ್ಣೆಯ ಲೆಗ್ಗಿಂಗ್ಸ್, ಮೇಲೆ ಶಾಲಿನ ಬದಲು ಕೋಟು ಹಿತಕರ. ಶಾಲು ಗಾಳಿಯನ್ನು ತಡೆಯುವುದಿಲ್ಲ. ಅದರ ಅಂಚೂ ಸೀರೆಯ ಸೆರಗೂ ಚಕ್ರಕ್ಕೆ ಸಿಲುಕುವ ಭಯ ಬೇರೆ. ವಯಸ್ಸಾದವರು, ಹೃದ್ರೋಗ, ಉಬ್ಬಸ, ಮಧುಮೇಹ ಇರುವವರು ಕೊರೆವ ಚಳಿಯಲ್ಲಿ ವಾಹನವೇರದಿರುವುದೇ ಒಳಿತು. ಮಧುಮೇಹದಿಂದ ನರಗಳ ಸಂವೇದನೆ ಕುಗ್ಗಿದವರಿಗೆ ಬೆರಳು ತಣ್ಣಗಾದದ್ದೇ ತಿಳಿಯುವುದಿಲ್ಲ.

ಹೊರಡುವ ಮೊದಲು, ದಾರಿಯಲ್ಲಿ, ತಲುಪಿದ ಮೇಲೆ

ಬರಿಹೊಟ್ಟೆಯಲ್ಲಿ ಹೊರಡಬಾರದು. ದೇಹದ ಒಲೆಗೆ ಉರುವಲು ಅನ್ನವೇ. ಉಪ್ಪಿಟ್ಟೋ ರೊಟ್ಟಿಯೋ ತಿಂದು, ಬಿಸಿ ಕಾಫಿ ಕುಡಿದು, ಮನೆಯೊಳಗೆ ಬೆಚ್ಚಗಿರುವಾಗಲೇ ಜಾಕೆಟ್ ಮತ್ತು ಕೈಗವಸು ತೊಡಬೇಕು. ತಣ್ಣಗಾದ ಮೇಲೆ ತೊಟ್ಟ ಬಟ್ಟೆ ಆ ತಣ್ಣನೆಯನ್ನೇ ಕಾಪಾಡುತ್ತದೆ. ಆದರೆ ಒಳಗೆ ಬಹಳ ಹೊತ್ತು ನಿಂತು ಬೆವರಲೂ ಬಾರದು. ಮದ್ಯ ಸೇವಿಸಿದರೆ ಬೆಚ್ಚಗಾಗುತ್ತದೆಂಬುದು ಭ್ರಮೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಕ್ಕೆ ಚೆಲ್ಲುತ್ತದೆ. ಕುಡಿದು ವಾಹನ ನಡೆಸುವುದು ಅಪರಾಧವೂ ಹೌದು. ಧೂಮಪಾನ ಬೆರಳುಗಳ ರಕ್ತನಾಳಗಳನ್ನು ಕಿರಿದುಗೊಳಿಸುತ್ತದೆ.

ಚಕ್ರದ ಗಾಳಿಯನ್ನೂ ನೋಡಿಕೊಳ್ಳಬೇಕು. ಉಷ್ಣಾಂಶ 10 ಡಿಗ್ರಿ ಇಳಿದರೆ ದ್ವಿಚಕ್ರದ ಟೈರಿನ ಒತ್ತಡ ಸುಮಾರು ಒಂದೂವರೆ ಪೌಂಡ್ ಕುಗ್ಗುತ್ತದೆ. ಮುಂಜಾನೆ ಇಬ್ಬನಿಯಿಂದ ರಸ್ತೆ ಜಾರುತ್ತದೆ. ಮುಂದಿನ ವಾಹನದಿಂದ ಎಂದಿಗಿಂತ ದುಪ್ಪಟ್ಟು ದೂರ ಕಾಯ್ದುಕೊಳ್ಳಿ.

ದಾರಿಯಲ್ಲಿ ಸಿಗ್ನಲ್ ಬಂದಾಗಲೆಲ್ಲ ಬೆರಳುಗಳನ್ನು ಮಡಚಿ ಬಿಚ್ಚಿ. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ತುದಿಗೆ ಒಂದೊಂದಾಗಿ ಮುಟ್ಟಿಸಿ ನೋಡಿ. ಕಿರುಬೆರಳಿಗೆ ಮುಟ್ಟಿಸಲಾಗದಿದ್ದರೆ ಮುಂದೆ ಹೋಗದೆ ನಿಲ್ಲಿಸಿ. ಕೈಗಳನ್ನು ಕಂಕುಳಲ್ಲಿ ಇರಿಸಿಕೊಳ್ಳಿ, ತೋಳುಗಳನ್ನು ದೊಡ್ಡದಾಗಿ ಬೀಸಿ. ರಸ್ತೆ ಬದಿಯ ಗಾಡಿಯಲ್ಲಿ ಶುಂಠಿ ಚಹಾ ಕುಡಿಯುತ್ತ ಹತ್ತು ನಿಮಿಷ ನಿಂತರೆ ನಷ್ಟವೇನಿಲ್ಲ. ಬಿಸಿ ಸೈಲೆನ್ಸರಿಗೆ ಕೈ ಹಿಡಿಯಬೇಡಿ. ಮರಗಟ್ಟಿದ ಬೆರಳಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಮನೆ ಸೇರಿದ ಮೇಲೆ ಕುದಿನೀರಿಗೂ ಕೈ ಅದ್ದಬೇಡಿ, ಉಗುರುಬೆಚ್ಚಗಿನ ನೀರು ಸಾಕು.

ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ, ಮಂಕು ಕವಿದರೆ ದೇಹದ ಒಳಗಿನ ಉಷ್ಣತೆಯೇ ಇಳಿಯುತ್ತಿದೆ ಎಂದರ್ಥ. ಅದು 35 ಡಿಗ್ರಿಗಿಂತ ಕೆಳಗಿಳಿದರೆ ಪ್ರಾಣಾಪಾಯ. ಮೈ ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ಇನ್ನೂ ಕೆಟ್ಟ ಸೂಚನೆ. ಒದ್ದೆ ಬಟ್ಟೆ ತೆಗೆದು, ಒಣಗಿದ್ದು ಹೊದಿಸಿ, ಕೂಡಲೇ ವೈದ್ಯರ ಬಳಿ ಕರೆದೊಯ್ಯಬೇಕು. ಕೋಣೆ ಮುಚ್ಚಿ ಇದ್ದಿಲಿನ ಅಂಗೀಠಿ ಉರಿಸುವುದು ಮಾತ್ರ ಎಂದಿಗೂ ಬೇಡ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲಿಯೇ ಕೊಲ್ಲುತ್ತದೆ.

ಹೊರಡದಿರುವ ವಿವೇಕ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಉಳಿಯುತ್ತದೆ. ದಟ್ಟ ಮಂಜಿನಲ್ಲಿ ಯಾವ ಜಾಕೆಟ್ಟೂ ರಕ್ಷಿಸಲಾರದು. ಹವಾಮಾನ ಇಲಾಖೆ 50 ಮೀಟರಿಗಿಂತ ಆಚೆ ಏನೂ ಕಾಣದ ಮಂಜನ್ನು ‘ಅತಿ ದಟ್ಟ’ ಎನ್ನುತ್ತದೆ. 50 ಕಿಲೋಮೀಟರ್ ವೇಗದಲ್ಲಿ ಆ ಅಂತರ ನಾಲ್ಕು ಸೆಕೆಂಡುಗಳೊಳಗೆ ಮುಗಿಯುತ್ತದೆ. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದರೆ ಶೀತಗಾಳಿ ಎಂದು ಇಲಾಖೆ ಪರಿಗಣಿಸುತ್ತದೆ. ಅಂತಹ ಮುಂಜಾವುಗಳಲ್ಲಿ ಮನೆಯಿಂದ ಹತ್ತಿರದ ಮೆಟ್ರೊ ನಿಲ್ದಾಣದವರೆಗೆ ಮಾತ್ರ ವಾಹನ ಬಳಸಿ ಅಲ್ಲಿಂದ ರೈಲು ಹಿಡಿಯುವುದು ಜಾಣತನ. 2002ರ ಡಿಸೆಂಬರಿನಲ್ಲಿ ಮೆಟ್ರೊ ಆರಂಭವಾಗುವ ಮುಂಚೆ ನಮಗೆ ಈ ಅನುಕೂಲವಿರಲಿಲ್ಲ. ಸಂಘದ ಕಾರ್ಯಕ್ರಮ ಮುಗಿಸಿ ರಾತ್ರಿ ಹೊರಡುವವರು ಒಂದೇ ದಿಕ್ಕಿಗೆ ಹೋಗುವ ಕಾರಿನವರನ್ನು ಕೇಳಲು ಸಂಕೋಚಪಡಬಾರದು. ಕಾರಿನವರು ಕೇಳುವವರೆಗೆ ಕಾಯಲೂ ಬಾರದು.

ಹೊರಡದಿರುವ ಆಯ್ಕೆ ಎಲ್ಲರಿಗೂ ಇಲ್ಲ. ಬೆಳಗಿನ ಪತ್ರಿಕೆ ಹಾಕುವವರು, ನಮ್ಮ ಮನೆಗೆ ರಾತ್ರಿಯ ಊಟ ಹೊತ್ತು ತರುವ ಹುಡುಗರು ಇದೇ ಗಾಳಿಯಲ್ಲಿ ದಿನವಿಡೀ ತಿರುಗುತ್ತಾರೆ. ಕಳೆದ ಚಳಿಗಾಲದಲ್ಲಿ ಊಟದ ಪೊಟ್ಟಣ ತಂದ ಹುಡುಗನೊಬ್ಬ ನಮ್ಮ ಬಾಗಿಲಿನಲ್ಲಿ ಮೊಬೈಲಿನ ಪರದೆಯನ್ನು ಮತ್ತೆ ಮತ್ತೆ ಒತ್ತುತ್ತಿದ್ದ. ಮರಗಟ್ಟಿದ ಬೆರಳಿಗೆ ಅದು ಸ್ಪಂದಿಸುತ್ತಿರಲಿಲ್ಲ. ಒಳಗೆ ಕರೆದು ಒಂದು ಲೋಟ ಚಹಾ ಕೊಟ್ಟೆವು. ಈಗ ದೊಡ್ಡವಳಾಗಿರುವ ನಮ್ಮ ಮಗಳು ತನ್ನ ಹಳೆಯ ಕೈಗವಸುಗಳನ್ನು ತಂದು ಅವನ ಕೈಗಿತ್ತಳು. ಲೋಟ ಬರಿದಾಗುವವರೆಗೆ ಅವನು ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡೇ ಇದ್ದ. ಆಮೇಲೆ ಕೈಗವಸು ತೊಟ್ಟು, ಬೆರಳುಗಳನ್ನೊಮ್ಮೆ ಮಡಚಿ ನೋಡಿ, ವಾಹನ ಏರಿದ.